ರಾಶಿಯೊಳಗೆ ಕಳೆದ ಹೆಸರು

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಮಗ ಶಹಾಪುರದ ಮನೆಗೆ ಒಂದು ಪೊಟ್ಟಣ ಕಳಿಸಿದ್ದ. ಕಾಲು ಕಿಲೋ ಇದ್ದೀತು. ಕತ್ತರಿಸಿ ತಾಟಿಗೆ ಸುರಿದರೆ ಪುಡಿಯಲ್ಲ, ಇಡಿ ಇಡಿ ಬೀಜ, ಕಂದು ಬಣ್ಣಕ್ಕೆ ಹುರಿದದ್ದು. ಅವ್ವ ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು, ಮೂಸಿದಳು, ಕೊನೆಗೆ "ಏನಪಾ ಇದು, ಹುಣಸಿ ಬೀಜ ಹುರದು ಕಳಸ್ಯಾನೇನು?" ಅಂದಳು. ತಪ್ಪು ಅವಳದಲ್ಲ. ಬರದ ವರ್ಷಗಳಲ್ಲಿ ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ದವಡೆಯಲ್ಲಿಟ್ಟುಕೊಂಡು ಹೊಲಕ್ಕೆ ಹೋದ ಕಾಲದವಳು. ಆಕೆಗೆ ಕಾಫಿ ಎಂದರೆ ಸಣ್ಣ ಚೀಟಿ ಹರಿದು ಬಿಸಿ ಹಾಲಿಗೆ ಹಾಕುವ ಪುಡಿ, ಅದೂ ಬೀಗರು ಬಂದ ದಿನ. ಆ ಪುಡಿಗೊಂದು ಬೀಜವಿದೆ, ಬೀಜಕ್ಕೊಂದು ತೋಟವಿದೆ, ತೋಟಕ್ಕೊಂದು ಹೆಸರಿದೆ ಎಂಬುದನ್ನು ಕೇಳುವ ಪ್ರಸಂಗವೇ ಅವಳಿಗೆ ಬಂದಿರಲಿಲ್ಲ.

ಪೊಟ್ಟಣದ ಮೇಲಿನ ಹೆಸರು ಮಾತ್ರ ನಮ್ಮದೇ ಅನ್ನುವ ಹಾಗಿತ್ತು: ತೊಗರಿಹಂಕಲ್. ತೊಗರಿಯ ನಾಡಿಗೆ ತೊಗರಿಯ ಹೆಸರಿನ ಕಾಫಿ! ಬಾಬಾಬುಡನ್‌ಗಿರಿ ಸೀಮೆಯ ತೋಟವೊಂದರ ಹೆಸರದು. ಮಾರುವವರು ಬ್ಲೂ ಟೋಕಾಯ್ ಎಂಬ ಕಾಫಿ ಅಂಗಡಿಗಳ ಸರಣಿಯವರು. 2013ರಲ್ಲಿ ದೆಹಲಿಯಲ್ಲಿ ಹುಟ್ಟಿದ ಸಂಸ್ಥೆ. ತೋಕೈ ಅಂದರೆ ತೆಂಕಣದವರ ಮಾತಿನಲ್ಲಿ ನವಿಲಿನ ಗರಿ. ಅದರ ಅಂಗಡಿಯ ಕಪಾಟಿನಲ್ಲಿ ಇಂಥ ಹತ್ತಾರು ಪೊಟ್ಟಣ, ಒಂದೊಂದಕ್ಕೂ ಒಂದೊಂದು ತೋಟದ ಹೆಸರು.

ಈ ಸ್ಮರಣ ಸಂಚಿಕೆಯ ಸಂಪಾದಕರು ಯಾದಗಿರಿ, ಶಹಾಪುರ, ಸುರಪುರಗಳ ಹೋಟೆಲುಗಳ ಬಗ್ಗೆ ಬರೆಯಿರಿ ಎಂದಾಗ ನಾನು ಕಾಫಿಯ ಬಗ್ಗೆ ಬರೆಯುತ್ತೇನೆ ಅಂದೆ. "ಚಹಾದ ಊರಾಗ ಕಾಫಿ ಇತಿಹಾಸ ಎಲ್ಲಿಂದ ತರತೀರಿ ಸರ?" ಎಂದು ನಕ್ಕರು. ನಗು ನ್ಯಾಯವೇ. ಆದರೆ ಬೆಳೆಯದ, ಹೆಚ್ಚು ಕುಡಿಯದ ಊರಿನಲ್ಲಿ ಕೂತು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಕಾಫಿ ಬೀಜಕ್ಕೆ ಇವತ್ತು ಇರುವ ಈ ಬಗೆಬಗೆಯ ಹೆಸರುಗಳು ಮೊದಲಿಂದ ಇದ್ದವಲ್ಲ. ಐದು ದಶಕಕ್ಕೂ ಹೆಚ್ಚು ಕಾಲ ಆ ಹೆಸರುಗಳನ್ನು ಅಳಿಸಿ ಇಡಲಾಗಿತ್ತು. ಅಳಿಸಿದ್ದೂ ಒಂದು ಸಂಸ್ಥೆ, ದೇಶಕ್ಕೆ ಕಾಫಿ ಕುಡಿಯಲು ಕಲಿಸಿದ್ದೂ ಅದೇ ಸಂಸ್ಥೆ.

ಮೊದಲು ನಮ್ಮ ಚಹಾದ ವಿಷಯ ಮುಗಿಸುತ್ತೇನೆ. ಮುಂಬಯಿ ಕಡೆಯ ರೈಲು ಹಳಿ ಮದರಾಸು ಕಡೆಯ ಹಳಿಯನ್ನು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿ ಆ ದಾರಿಯ ಮೇಲಿನ ಊರು. ಚಹಾ ತೋಟದವರು ಕಾಫಿಯವರಿಗಿಂತ ಮೂರು ದಶಕ ಮೊದಲೇ ಚುರುಕಾಗಿದ್ದರು. 1903ರಲ್ಲೇ ಕಾಯ್ದೆ ಮಾಡಿಸಿ, ರಫ್ತಾಗುವ ಚಹಾದ ಮೇಲೆ ಕರ ಹಾಕಿಸಿ, ಆ ದುಡ್ಡಿನಲ್ಲಿ ಪ್ರಚಾರ ಶುರುಮಾಡಿದರು. ಮುಂದೆ ದೇಶದ ರೈಲು ನಿಲ್ದಾಣಗಳಲ್ಲಿ ಚಹಾ ಮಾಡುವ ಕ್ರಮವನ್ನು ಚಿತ್ರ ಸಮೇತ ಬರೆದ ತಗಡಿನ ಹಲಗೆಗಳು ಬಂದವು. ಅದರ ಮೇಲೆ ನಮ್ಮದು ನಿಜಾಮರ ಸೀಮೆ. ಆಳ್ವಿಕೆಯ ಮುಖ ಹೈದರಾಬಾದಿನ ಕಡೆಗೆ, ಹೈದರಾಬಾದಿನ ಮುಖ ಇರಾನಿ ಹೋಟೆಲಿನ ಕಡೆಗೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ನಾಲಿಗೆ ಆಗಲೇ ಚಹಾಕ್ಕೆ ಒಗ್ಗಿಹೋಗಿತ್ತು. ಕಾಫಿ ಬಂದದ್ದು ಉಡುಪಿ ಹೋಟೆಲಿನವರ ಜೊತೆ. ಅದು ಇಡ್ಲಿ ತಿಂದ ಮೇಲೆ ಕುಡಿಯುವ ವಸ್ತುವಾಯಿತು, ಹೊಲದಿಂದ ಬಂದು ಕುಡಿಯುವ ವಸ್ತುವಾಗಲಿಲ್ಲ.

ಸುರಪುರದ ಗೆಳೆಯರೊಬ್ಬರು ಈ ಮಾತು ಒಪ್ಪುವುದಿಲ್ಲ. ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಲ್ಲಿ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಕಾಫಿ ಕುಡಿದೇ ಇರುತ್ತಾನೆ, ಆದ್ದರಿಂದ ಕಾಫಿ ಮೊದಲು ಬಂದದ್ದು ಸುರಪುರಕ್ಕೆ ಎಂಬುದು ಅವರ ವಾದ. ಇತಿಹಾಸ ಅನ್ನಲಾಗದು, ಆದರೆ ಸಂಜೆ ಆ ಗುಡ್ಡದ ಗಾಳಿಗೆ ಕೂತಾಗ ಒಪ್ಪಿಬಿಡೋಣ ಅನ್ನಿಸುತ್ತದೆ. ನನ್ನ ಪಕ್ಷಪಾತ ಬೇರೆ ಕಡೆಗಿದೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾದ ಮಗ್ಗುಲಲ್ಲಿ ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಗೋರಿಯಿದೆ. ಆತ ತೀರಿಕೊಂಡದ್ದು 1510ರಲ್ಲಿ. ಅರಬ್ಬಿ ಕಡಲು ದಾಟಿ ಕುದುರೆ, ಖರ್ಜೂರ, ಫಕೀರರು ದಖ್ಖನಿಗೆ ಬರುತ್ತಿದ್ದ ಕಾಲ ಅದು. ಯೆಮನಿನ ಸೂಫಿಗಳು ರಾತ್ರಿಯ ಜಪಕ್ಕೆ ನಿದ್ದೆ ತಡೆಯಲು ಕಹ್ವಾ, ಅಂದರೆ ಕಾಫಿ, ಕುಡಿಯುತ್ತಿದ್ದರು. ಇಂಗ್ಲಿಷ್ ರಾಯಭಾರಿ ಥಾಮಸ್ ರೋ ಜೊತೆ ಬಂದ ಪಾದ್ರಿ ಎಡ್ವರ್ಡ್ ಟೆರಿ, 1616ರಿಂದ 1619ರವರೆಗೆ ಈ ದೇಶದಲ್ಲಿದ್ದಾಗ, ಮದ್ಯ ಮುಟ್ಟದ ಧರ್ಮಶ್ರದ್ಧರು ಕಪ್ಪು ಬೀಜ ಕುದಿಸಿದ ಪಾನೀಯ ಕುಡಿಯುವುದನ್ನು ಗುರುತು ಹಾಕಿಕೊಂಡಿದ್ದಾನೆ. ಅಂದರೆ ಇಲ್ಲಿ ಕಾಫಿ ಬೆಳೆಯುವ ಮೊದಲೇ ಕುಡಿಯುವವರಿದ್ದರು. ಬೀಜ ನೆಲಕ್ಕೆ ಬಿದ್ದದ್ದು ಆಮೇಲೆ. ಮಕ್ಕೆಯ ಯಾತ್ರೆ ಮುಗಿಸಿದ ಬಾಬಾ ಬುಡನ್ ಎಂಬ ಸೂಫಿ ಯೆಮನಿನ ಮೋಖಾ ಬಂದರಿನಿಂದ ಏಳು ಬೀಜ ತಂದು ಚಂದ್ರಗಿರಿಯಲ್ಲಿ ಊರಿದನೆಂಬ ಕಥೆ ಹದಿನೇಳನೆಯ ಶತಮಾನದ್ದು. ಆ ಬೆಟ್ಟಕ್ಕೆ ಈಗ ಅವನದೇ ಹೆಸರು.

ಆ ಮೂಲದ ಬೀಜಕ್ಕೆ ತೋಟಗಾರರು ಇಟ್ಟ ಹೆಸರು 'ಚಿಕ್', ಚಿಕ್ಕಮಗಳೂರಿನ ಮೊದಲ ಅಕ್ಷರಗಳು. ಕಾಂಡಕೊರಕ ಹುಳು, ಎಲೆತುಕ್ಕು ರೋಗ ಎರಡೂ ಸೇರಿ ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಹಣ್ಣುಮಾಡಿದವು. ಅದರ ಜಾಗಕ್ಕೆ 'ಕೂರ್ಗ್' ತಳಿ ಬಂತು, ಅದೂ ಸೋತಾಗ ಕೆಂಟ್ ಎಂಬ ತೋಟಗಾರ ತನ್ನ ಗಿಡಗಳಲ್ಲಿ ಗಟ್ಟಿಯಾದದ್ದನ್ನು ಆರಿಸಿ ಬೆಳೆಸಿದ 'ಕೆಂಟ್ಸ್' ಬಂತು. 1925ರಲ್ಲಿ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಹುಟ್ಟುಹಾಕಿದರು. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್. 795 ಎಂಬ ತಳಿಯ ಅಪ್ಪನ ಕಡೆ ಕೆಂಟ್ಸ್, ಅವ್ವನ ಕಡೆ ಅರೇಬಿಕಾ, ಲೈಬೀರಿಕಾ ಎಂಬ ಎರಡು ಕಾಫಿ ಜಾತಿಗಳ ತಾನಾಗಿ ಆದ ಬೆರಕೆಯಿಂದ ಬಂದ ಎಸ್. 288. ನಮ್ಮಲ್ಲಿ ಮಾರುತಿ, ಟಿಎಸ್-3ಆರ್ ಎಂದು ತೊಗರಿ ಬೀಜ ಕೇಳಿ ತರುವವರಿಗೆ ಇದೇನೂ ಹೊಸ ಮಾತಲ್ಲ. ಸೊರಗು ರೋಗ ಬಂದು ಹೊಲ ಒಣಗಿದವನಿಗೆ ತಳಿಯ ಹೆಸರು ಎಷ್ಟು ಮುಖ್ಯವೆಂದು ಗೊತ್ತಿರುತ್ತದೆ.

ಈಗ ಸಂಸ್ಥೆಯ ಮಾತಿಗೆ ಬರೋಣ. 1930ರ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲಕಚ್ಚಿತು. 1935ರಲ್ಲಿ ಕಾಯ್ದೆಯೊಂದು ಬಂದು ಇಂಡಿಯನ್ ಕಾಫಿ ಸೆಸ್ ಕಮಿಟಿ ಹುಟ್ಟಿತು. ಕೆಲಸ ಒಂದೇ, ಹೊರದೇಶ ಕೊಳ್ಳದಿದ್ದರೆ ಒಳದೇಶಕ್ಕೆ ಕುಡಿಸುವುದು. ಹಾಗೆ 1936ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಮುಂದೆ ದೇಶದ ದೊಡ್ಡ ಊರುಗಳಲ್ಲೆಲ್ಲ ಕಾಫಿ ಹೌಸುಗಳು, ಅವುಗಳ ಜೊತೆಗೆ ಕಾಫಿ ಪುಡಿ ಮಾರುವ ಡಿಪೋಗಳು. ಇವತ್ತು ನಾವು 'ಚೈನ್' ಅನ್ನುವ ವ್ಯವಸ್ಥೆ, ಒಂದೇ ಹೆಸರು, ಒಂದೇ ರುಚಿ, ಒಂದೇ ಉಡುಪಿನ ಮಾಣಿಗಳು, ನಮ್ಮ ದೇಶದಲ್ಲಿ ಕಾಫಿಗೆ ಮೊದಲು ಕಟ್ಟಿಕೊಟ್ಟದ್ದು ಖಾಸಗಿಯವರಲ್ಲ, ಬೆಳೆಗಾರರ ಮೇಲೆ ಹಾಕಿದ ಕರದ ದುಡ್ಡು.

ಎರಡನೆಯ ಮಹಾಯುದ್ಧ ಬಂತು. ಯುರೋಪಿನ ಪೇಟೆಗಳು ಬಾಗಿಲು ಹಾಕಿದವು. 1940ರ ಸುಗ್ರೀವಾಜ್ಞೆ, ಆಮೇಲೆ 1942ರ ಏಳನೆಯ ಕಾಯ್ದೆ. ಸೆಸ್ ಕಮಿಟಿಯ ಜಾಗಕ್ಕೆ ಬಂದು ಬೆಂಗಳೂರಿನಲ್ಲಿ ಕೂತ ಕಾಫಿ ಮಂಡಳಿಗೆ ಇದ್ದ ಬದ್ದ ಕಾಫಿಯನ್ನೆಲ್ಲ ಒಪ್ಪಿಸಬೇಕು ಎಂಬ ನಿಯಮವಾಯಿತು. ಮನೆಬಳಕೆಗೆ, ಬಿತ್ತನೆಗೆ ಇಷ್ಟು ಎಂದು ಬಿಟ್ಟುಕೊಟ್ಟದ್ದನ್ನು ಕಳೆದು ಉಳಿದುದೆಲ್ಲ 'ಪೂಲ್'ಗೆ.

ಪೂಲ್ ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳುವುದು ಸುಲಭ: ರಾಶಿ. ಯಾದಗಿರಿಯ ಎಪಿಎಂಸಿಯಲ್ಲಿ ಗುರುಮಠಕಲ್ಲಿನವನ ತೊಗರಿ ಒಂದು ಕಡೆ, ವಡಗೇರಾದವನದು ಇನ್ನೊಂದು ಕಡೆ ಸುರಿದಿರುತ್ತದೆ. ಅಡತಿ ಅಂಗಡಿಯವನು ಮುಷ್ಟಿ ತುಂಬ ಎತ್ತಿ, ಊದಿ, ಯಾರದು ಎಂದು ಕೇಳಿ ದರ ಹೇಳುತ್ತಾನೆ. ಈಗ ಊಹಿಸಿ. ಸುರಪುರ, ಹುಣಸಗಿ, ಶಹಾಪುರದ ಎಲ್ಲ ರೈತರ ತೊಗರಿಯನ್ನೂ ಒಂದೇ ರಾಶಿಗೆ ಸುರಿದು, ಜರಡಿ ಹಿಡಿದು, ದಪ್ಪ ಕಾಳು ಒಂದು ಕಡೆ, ಸಣ್ಣದು ಇನ್ನೊಂದು ಕಡೆ ಮಾಡಿ, "ನಿನ್ನದರಲ್ಲಿ ದಪ್ಪ ಇಷ್ಟು, ಸಣ್ಣ ಇಷ್ಟು, ಅದಕ್ಕೆ ಇಷ್ಟು ಪಾಯಿಂಟು, ದುಡ್ಡು ಕಂತಿನಲ್ಲಿ ಬರುತ್ತದೆ" ಅಂದರೆ ಹೇಗೆ? ಕಾಫಿಗೆ ಆದದ್ದು ಅದೇ. ಚಿಕ್ಕಮಗಳೂರು, ಹಾಸನ, ಹುಣಸೂರು, ಮಂಗಳೂರುಗಳ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಸಾಲಾಗಿ ಕೂತ ಹೆಂಗಸರು ಕೈಯಲ್ಲಿ ಆರಿಸಿದ ಬೀಜ ಮೂಟೆ ಸೇರುವಾಗ ತೋಟದ ಹೆಸರು ಹೊರಗೇ ಉಳಿಯುತ್ತಿತ್ತು. ಮಂಡಳಿ ಹರಾಜು ಹಾಕುತ್ತಿತ್ತು. ಬೆಳೆಗಾರನಿಗೆ ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಬೆಳೆಯೂ ಬಂದಿರುತ್ತಿತ್ತು.

ಇದರಲ್ಲಿ ಅನ್ಯಾಯ ಮಾತ್ರ ಇತ್ತು ಅನ್ನಲಾರೆ. ಹತ್ತು ಹೆಕ್ಟೇರಿನ ಒಳಗಿನ ಸಣ್ಣ ಹಿಡುವಳಿಗಳೇ ನೂರಕ್ಕೆ ತೊಂಬತ್ತೆಂಟರಷ್ಟು ಇರುವ ಬೆಳೆ ಇದು. ಯುದ್ಧಕಾಲದಲ್ಲಿ ಕೊಳ್ಳುವವರೇ ಇಲ್ಲದಾಗ ಖಚಿತವಾಗಿ ಕೊಂಡವರು ಮಂಡಳಿಯವರು. ಬೆಲೆ ಬಿದ್ದಾಗ ತೊಗರಿ ಹೊತ್ತು ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರಿನಲ್ಲೇ ಮಲಗಿದ ನಮ್ಮವರಿಗೆ ಈ ಮಾತಿನ ತೂಕ ಗೊತ್ತು. ಆದರೆ ಚೆನ್ನಾಗಿ ಬೆಳೆದವನಿಗೂ ಹೇಗೋ ಬೆಳೆದವನಿಗೂ ಒಂದೇ ಜರಡಿ ಆದಾಗ, ರುಚಿಗಾಗಿ ಮೈಮುರಿಯುವವರು ಕಡಿಮೆಯಾಗುವುದು ಸಹಜ. ಜರಡಿಗೆ ಗಾತ್ರ ಗೊತ್ತು, ರುಚಿ ಗೊತ್ತಿಲ್ಲ.

ಹಾಗೆ ಉಳಿದ ಹೆಸರುಗಳು ಜರಡಿಯ ಹೆಸರುಗಳು. ಪೀಬೇರಿ, ಪ್ಲಾಂಟೇಶನ್ ಎ, ಬಿ, ಸಿ, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. ಬೆಂಗಳೂರು, ಮೈಸೂರುಗಳ ಕಾಫಿ ಪುಡಿ ಅಂಗಡಿಯಲ್ಲಿ ಇವತ್ತಿಗೂ "ಅರ್ಧ ಪೀಬೇರಿ, ಅರ್ಧ ಪ್ಲಾಂಟೇಶನ್ ಎ, ಚಿಕೋರಿ ಇಪ್ಪತ್ತು" ಎಂದು ಮಂತ್ರ ಹೇಳಿದ ಹಾಗೆ ಹೇಳುವವರಿದ್ದಾರೆ. ನಾನು ಎಪ್ಪತ್ತರ ದಶಕದಲ್ಲಿ ಓದಲು ಬೆಂಗಳೂರಿಗೆ ಹೋದಾಗ ಇದು ಯಾವ ಭಾಷೆಯೋ ಎಂದು ಬೆರಗಾಗಿದ್ದೆ. ಒಂದೊಂದಾಗಿ ಬಿಡಿಸಿಕೊಂಡದ್ದು ಬಹಳ ತಡವಾಗಿ. ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ, ಒಂದರ ಹೊಟ್ಟೆ ಇನ್ನೊಂದಕ್ಕೆ ಒತ್ತಿ ಚಪ್ಪಟೆ. ಕೆಲವು ಹಣ್ಣಲ್ಲಿ ಒಂದೇ ಬೀಜ ಕಟ್ಟಿ ಬಟಾಣಿಯಂತೆ ದುಂಡಗಾಗುತ್ತದೆ, ಅದು ಪೀಬೇರಿ. ಪ್ಲಾಂಟೇಶನ್ ಅಂದರೆ ಹಣ್ಣಿನ ತಿರುಳು ತೆಗೆದು, ಹುಳಿಹಿಡಿಸಿ, ತೊಳೆದು ಒಣಗಿಸಿದ ಅರೇಬಿಕಾ. ರೋಬಸ್ಟಾ ಎಂಬ ಇನ್ನೊಂದು ಜಾತಿಗೆ ಅದೇ ಉಪಚಾರ ಮಾಡಿದರೆ ಪಾರ್ಚ್‌ಮೆಂಟ್. ಕಣದಲ್ಲಿ ನಾವು ಮೆಣಸಿನಕಾಯಿ ಒಣಗಿಸುವಂತೆ ಹಣ್ಣನ್ನು ಹಾಗೇ ಒಣಗಿಸಿ ಆಮೇಲೆ ಸಿಪ್ಪೆ ಬಿಡಿಸಿದರೆ ಚೆರ್ರಿ. ಎ ಎಂದರೆ ಹದಿನೇಳನೆಯ ನಂಬರಿನ ಜರಡಿಯ ಮೇಲೆ ನಿಂತದ್ದು. ಇಂಚನ್ನು ಅರವತ್ತನಾಲ್ಕು ಪಾಲು ಮಾಡಿ ಅದರಲ್ಲಿ ಹದಿನೇಳು ಪಾಲಿನ ತೂತು. ಹತ್ತೊಂಬತ್ತರ ಮೇಲೆ ನಿಲ್ಲುವ ದಪ್ಪ ಅರೇಬಿಕಾಕ್ಕೆ 'ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್' ಎಂದು ಮಂಡಳಿ ಹೆಸರಿಟ್ಟಿತು, ಆಯ್ದ ರೋಬಸ್ಟಾ ಪಾರ್ಚ್‌ಮೆಂಟಿಗೆ 'ಕಾಪಿ ರಾಯಲ್' ಎಂದಿತು.

ಎಲ್ಲಕ್ಕಿಂತ ವಿಚಿತ್ರ ಮಾನ್ಸೂನ್ಡ್ ಮಲಬಾರ್. ಹಡಗುಗಳು ಆಫ್ರಿಕಾ ಸುತ್ತಿ ಯುರೋಪಿಗೆ ಹೋಗುತ್ತಿದ್ದ ಕಾಲದಲ್ಲಿ ಹಸಿರು ಬೀಜ ತಿಂಗಳುಗಟ್ಟಲೆ ಕಡಲ ತೇವ ಕುಡಿದು ಉಬ್ಬಿ ಹಳದಿಗಟ್ಟುತ್ತಿತ್ತು. ಕೊಳ್ಳುವವರಿಗೆ ಆ ಹುಳಿಯಿಲ್ಲದ ರುಚಿಯೇ ಅಭ್ಯಾಸವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಗಿಡ್ಡವಾದ ಮೇಲೆ ಬೀಜ ಹಸಿರಾಗಿಯೇ ತಲುಪತೊಡಗಿತು, ಗಿರಾಕಿಗಳು ಮುಖ ಸಿಂಡರಿಸಿದರು. ಹಾಗಾಗಿ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯಾಡುವ ಉಗ್ರಾಣದ ನೆಲಕ್ಕೆ ಚೆರ್ರಿ ಬೀಜ ಹರಡಿ, ಕೈಯಾಡಿಸುತ್ತ, ಮಳೆಗಾಳಿ ಕುಡಿಸಿ, ಹಡಗಿನ ಪ್ರಯಾಣವನ್ನು ನಿಂತಲ್ಲೇ ಮಾಡಿಸುತ್ತಾರೆ. ನಾವು ಜೋಳಕ್ಕೆ ತೇವ ತಗಲದಿರಲೆಂದು ಹಗೇವಿನ ಬಾಯಿಗೆ ಮಣ್ಣು ಮೆತ್ತುತ್ತಿದ್ದವರು. ಬೇಕೆಂದೇ ತೇವ ಹಿಡಿಸಿ ಹೆಚ್ಚು ಬೆಲೆಗೆ ಮಾರುತ್ತಾರೆಂದರೆ ಅವ್ವ ಇನ್ನೂ ನಂಬಿಲ್ಲ.

ಕಾಫಿ ಹೌಸಿನ ಕಥೆ ಅರ್ಧಕ್ಕೆ ಬಿಟ್ಟೆ. 1950ರ ದಶಕದ ನಡುವೆ ಮಂಡಳಿ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕೆಲಸ ಕಳೆದುಕೊಳ್ಳಲಿದ್ದ ನೌಕರರನ್ನು ಕಮ್ಯುನಿಸ್ಟ್ ಸಂಸದ ಎ.ಕೆ. ಗೋಪಾಲನ್ ಸಂಘಟಿಸಿದರು. ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಅಂಗಡಿ ವಹಿಸಿಕೊಳ್ಳಲಿ ಎಂಬ ಯೋಚನೆ ಹುಟ್ಟಿದ್ದು ಹಾಗೆ. ಬೆಂಗಳೂರಿನ ಸಂಘ 1957ರ ಆಗಸ್ಟಿನದು. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸ್ 1959ರಲ್ಲಿ ಶುರುವಾಗಿ ಐವತ್ತು ವರ್ಷ ಅಲ್ಲೇ ಇದ್ದು, 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಹಾಸ್ಟೆಲಿನ ದುಡ್ಡು ಉಳಿಸಿ ನಾನು ಮೊದಲ ಸಲ ಡಿಕಾಕ್ಷನ್ ಕಾಫಿ ಕುಡಿದದ್ದು ಆ ಹಳೆಯ ಮನೆಯಲ್ಲಿ. ಬಿಳಿ ಉಡುಪು, ತಲೆಗೆ ಪಗಡಿ, ನಡುವಿಗೆ ಅಗಲ ಪಟ್ಟಿ ಕಟ್ಟಿದ ಮಾಣಿಯನ್ನು ಕಂಡು ಸುರಪುರದ ಅರಮನೆಯ ಊಳಿಗದವರ ನೆನಪಾಗಿ ಎದ್ದು ನಿಲ್ಲುವವನಿದ್ದೆ. ಅಲ್ಲಿ ಕೇಳುತ್ತಿದ್ದದ್ದು "ಬಿಸಿಯೋ ತಣ್ಣಗೋ" ಎಂದಷ್ಟೇ. ಯಾವ ಬೀಜ ಎಂದು ಕೇಳಿದವರನ್ನು ಆ ನಾಲ್ಕು ವರ್ಷ ಒಬ್ಬರನ್ನೂ ಕಾಣಲಿಲ್ಲ.

ಊರಿಗೆ ಮರಳಿದ ಮೇಲೆ ಫಿಲ್ಟರ್ ಒಂದನ್ನು ತಂದಿದ್ದೆ. ಪುಡಿ ಮುಗಿದ ಮೇಲೆ ಅದು ಹಿತ್ತಾಳೆ ಸಾಮಾನಿನ ಜೊತೆ ಅಟ್ಟ ಸೇರಿತು. ಅಷ್ಟರಲ್ಲಿ ದಿಢೀರ್ ಕಾಫಿ ಕಿರಾಣಿ ಅಂಗಡಿಯ ದಾರಕ್ಕೆ ಮಾಲೆಯಾಗಿ ತೂಗತೊಡಗಿತ್ತು. ನೆಸ್ಲೆಯವರು ನಂಜನಗೂಡಿನಲ್ಲೇ ಕಾರ್ಖಾನೆ ತೆರೆದದ್ದು 1989ರಲ್ಲಿ. ಕೊಡಗಿನ, ಚಿಕ್ಕಮಗಳೂರಿನ ಬೀಜ ಸುಟ್ಟು, ಕಷಾಯ ಮಾಡಿ, ಒಣಗಿಸಿ, ಪುಡಿಯಾಗಿ ಬಂದಾಗ ಹೆಸರಿನ ಕೊನೆಯ ಎಳೆಯೂ ಹೋಯಿತು. ನಮ್ಮ ಮದುವೆ ಮನೆಗಳಲ್ಲಿ ಸಕ್ಕರೆ ಜೊತೆ ನೊರೆ ಬರುವ ತನಕ ಚಮಚದಿಂದ ಕಡೆದು ಮಾಡುವ ಕಾಫಿ ಅದೇ. ರುಚಿಯಿಲ್ಲ ಅಂತಲ್ಲ, ನನಗೂ ಇಷ್ಟ.

ಪೂಲ್ ಬಿರಿದದ್ದು ಉದಾರೀಕರಣದ ಹೊತ್ತಿಗೆ. 1992ರಿಂದ ಇಷ್ಟಿಷ್ಟು ಪಾಲನ್ನು ಬೆಳೆಗಾರರು ತಾವೇ ಮಾರಿಕೊಳ್ಳಬಹುದೆಂದಾಗಿ, 1996ರ ಹೊತ್ತಿಗೆ ಪೂರ್ತಿ ಬಿಡುಗಡೆಯಾಯಿತು. ಆ ಬಾಗಿಲಲ್ಲಿ ಮೊದಲು ನುಗ್ಗಿದವರಲ್ಲಿ ಚಿಕ್ಕಮಗಳೂರಿನ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಒಬ್ಬರು. 1993ರಲ್ಲಿ ಕಾಫಿ ವ್ಯಾಪಾರದ ಕಂಪನಿ; 1996ರ ಜುಲೈ 11ರಂದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ. ಇಂಟರ್‌ನೆಟ್ ನೋಡುತ್ತ ಕಾಫಿ ಕುಡಿಯುವ ಅಂಗಡಿಯಾಗಿ ಅದು ಶುರುವಾಯಿತು ಎಂಬುದನ್ನು ಈಗಿನವರಿಗೆ ವಿವರಿಸಿ ಹೇಳಬೇಕು. ಜನ ನೆನೆಯುವುದು ಆ ಕೆಫೆಗಳನ್ನು. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ಕಂಪನಿಯ ಫ್ರೆಶ್ ಅಂಡ್ ಗ್ರೌಂಡ್ ಎಂಬ ಸಣ್ಣ ಅಂಗಡಿಗಳು, ಸೋಫಾ ಇಲ್ಲ, ಹಾಡಿಲ್ಲ, ಗಾಜಿನ ಡಬ್ಬದಲ್ಲಿ ಬೀಜ, ಪಕ್ಕದಲ್ಲಿ ಬೀಸುವ ಯಂತ್ರ. ಗಿರಾಕಿಯ ಎದುರೇ ಬೀಸಿ ಕೊಡುವುದು. ಹೆಸರು ಮರಳುವ ಮೊದಲು ಬೀಜ ಕಣ್ಣಿಗೆ ಮರಳಿತು. 2019ರಲ್ಲಿ ಸಿದ್ಧಾರ್ಥ ತೀರಿಕೊಂಡಾಗ ಸಾವಿರದ ಏಳುನೂರಕ್ಕೂ ಹೆಚ್ಚು ಕೆಫೆಗಳಿದ್ದವು, ಸಾಲವೂ ಹಾಗೇ ಬೆಳೆದಿತ್ತು. 2023ರ ಹೊತ್ತಿಗೆ ಐನೂರಕ್ಕಿಂತ ಕಡಿಮೆ ಉಳಿದವು. ಪತ್ನಿ ಮಾಳವಿಕಾ ಹೆಗ್ಡೆ 2020ರ ಡಿಸೆಂಬರಿನಲ್ಲಿ ಹೊಣೆ ಹೊತ್ತು ನಡೆಸುತ್ತಿರುವುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಆ ಹೊತ್ತಿಗೆ ಅಮೆರಿಕದ ಸ್ಟಾರ್‌ಬಕ್ಸ್ ಟಾಟಾದವರ ಕೈಹಿಡಿದು 2012ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದಿತ್ತು. ಅದರ ಮೂಲ ನನಗೆ ಮೋಜಿನ ಸಂಗತಿ. 1971ರಲ್ಲಿ ಸಿಯಾಟಲ್‌ನಲ್ಲಿ ಅದು ಹುಟ್ಟಿದ್ದು ಕಾಫಿ ಕುಡಿಯುವ ಅಂಗಡಿಯಾಗಿ ಅಲ್ಲವೇ ಅಲ್ಲ. ಹುರಿದ ಇಡೀ ಬೀಜ, ಚಹಾ ಸೊಪ್ಪು, ಮಸಾಲೆ ಮಾರುವ ಅಂಗಡಿಯಾಗಿ. ನಮ್ಮ ಭಾಷೆಯಲ್ಲಿ ಕಿರಾಣಿ ಅಂಗಡಿಯೇ. ಲೋಟಕ್ಕೆ ಬಗ್ಗಿಸಿ ಕೊಡುವುದು ಆಮೇಲೆ ಬಂತು. ಇಲ್ಲಿಗೆ ಬಂದ ಮೇಲೆ ಅದು ಟಾಟಾ ಕಾಫಿಯವರ ತೋಟಗಳ ಬೀಜವನ್ನು 'ಇಂಡಿಯಾ ಎಸ್ಟೇಟ್ಸ್ ಬ್ಲೆಂಡ್' ಎಂದು ಪೊಟ್ಟಣ ಕಟ್ಟಿತು. 2016ರಲ್ಲಿ ನಲ್ಲೂರು ಎಂಬ ಒಂದೇ ತೋಟದ ಹೆಸರು ಹೊತ್ತ ಕಾಫಿಯನ್ನು ತನ್ನ ವಿಶೇಷ ಪಟ್ಟಿಗೆ ಸೇರಿಸಿತು. ಹಲವು ತೋಟದ ಮಿಶ್ರಣದಿಂದ ಒಂದೇ ತೋಟಕ್ಕೆ ಬರಲು ಕೆಲವು ವರ್ಷ ಬೇಕಾಯಿತು.

ಮಗನ ಪೊಟ್ಟಣವನ್ನು ಒಗೆಯದೆ ಇಟ್ಟುಕೊಂಡಿದ್ದೇನೆ, ಅದರ ಮೇಲಿನ ಬರಹ ಹೊಲದ ಪಹಣಿಯ ಹಾಗಿದೆ ಎಂಬ ಕಾರಣಕ್ಕೆ. ಇಂಥ ಪೊಟ್ಟಣಗಳ ಮೇಲೆ ತೋಟದ ಹೆಸರು, ಬೆಟ್ಟದ ಎತ್ತರ, ತಳಿ, ಒಣಗಿಸಿದ ಬಗೆ, ಹುರಿದ ಹದ, ಹುರಿದ ತಾರೀಖು ಎಲ್ಲ ಇರುತ್ತವೆ. ತಳಿಯ ಜಾಗದಲ್ಲಿ ಎಸ್. 795 ಕಂಡರೆ ಬಾಳೆಹೊನ್ನೂರು ನೆನಪಾಗುತ್ತದೆ. ಸೆಲೆಕ್ಷನ್ 9 ಎಂದಿದ್ದರೆ ಅದು ಇಥಿಯೋಪಿಯಾದ ತಫಾರಿಕೆಲಾ ಗಿಡಕ್ಕೂ, ಟಿಮೋರ್ ದ್ವೀಪದಲ್ಲಿ ಅರೇಬಿಕಾ ರೋಬಸ್ಟಾ ತಾವೇ ಕೂಡಿ ಹುಟ್ಟಿದ ಗಿಡಕ್ಕೂ ಕಟ್ಟಿದ ಸಂಬಂಧ. ಚಂದ್ರಗಿರಿ ಎಂದಿದ್ದರೆ ಅದು 2007ರಲ್ಲಿ ಬಿಡುಗಡೆಯಾದ ಗಿಡ್ಡ ತಳಿ. ಹೆಸರು ಬಾಬಾ ಬುಡನ್ ಬೀಜ ಊರಿದ ಬೆಟ್ಟದ್ದೇ. ಒಣಗಿಸಿದ ಬಗೆಯಲ್ಲಿ 'ವಾಶ್ಡ್' ಅಂದರೆ ನಮ್ಮ ಹಳೆಯ ಪ್ಲಾಂಟೇಶನ್, 'ನ್ಯಾಚುರಲ್' ಅಂದರೆ ಹಳೆಯ ಚೆರ್ರಿ. ಒಂದು ಕಾಲಕ್ಕೆ ಕಡಿಮೆ ಬೆಲೆಯ ಮಾಲಾಗಿದ್ದ ಚೆರ್ರಿ, ಹಣ್ಣನ್ನು ಎಚ್ಚರದಿಂದ ಆರಿಸಿ ಜಾಲರಿಯ ಮಂಚದ ಮೇಲೆ ಒಣಗಿಸಿದ್ದಕ್ಕೆ ಈಗ ಹೊಸ ಹೆಸರು ಹೊತ್ತು ದುಬಾರಿಯಾಗಿದೆ. ಜೋಳದ ರೊಟ್ಟಿಗೆ ಪಟ್ಟಣದಲ್ಲಿ ಬಂದ ಯೋಗವೇ ಇದು. 'ಹನಿ' ಎಂಬ ಇನ್ನೊಂದು ಬಗೆಯಿದೆ. ಜೇನಿಗೂ ಅದಕ್ಕೂ ಸಂಬಂಧವಿಲ್ಲ, ತಿರುಳಿನ ಅಂಟನ್ನು ತೊಳೆಯದೆ ಒಣಗಿಸಿದ್ದು ಅಷ್ಟೇ.

ಬೀಜವನ್ನೇ ಯಾಕೆ ಮಾರಬೇಕು, ಪುಡಿ ಮಾಡಿ ಕೊಟ್ಟರೆ ಆಗದೇ ಎಂದು ನಾನೂ ಕೇಳಿದ್ದೆ. ಶೇಂಗಾ ಹುರಿಯುವವರಿಗೆ ಉತ್ತರ ಗೊತ್ತಿದೆ. ಹಸಿ ಕಾಫಿ ಬೀಜಕ್ಕೆ ಪರಿಮಳವೇ ಇಲ್ಲ. ಇನ್ನೂರು ಡಿಗ್ರಿಯ ಹತ್ತಿರ ಅದು ಜೋಳದ ಅರಳಿನಂತೆ ಚಟಚಟ ಸಿಡಿಯುತ್ತದೆ, ಆರರಲ್ಲೊಂದು ಪಾಲು ತೂಕ ಕಳೆದುಕೊಂಡು ಉಬ್ಬುತ್ತದೆ. ಆ ಮೊದಲ ಸಿಡಿತದ ಹಿಂದೆಯೇ ಇಳಿಸಿದರೆ ತೋಟದ ರುಚಿ, ಎರಡನೆಯ ಸಿಡಿತ ದಾಟಿಸಿದರೆ ಹುರಿದವನ ರುಚಿ. ಇಡೀ ಬೀಜ ಆ ಪರಿಮಳವನ್ನು ವಾರಗಟ್ಟಲೆ ಒಳಗೆ ಹಿಡಿದಿರುತ್ತದೆ, ಬೀಸಿದ ಗಳಿಗೆಯಿಂದ ಅದು ಹೊರಡುತ್ತದೆ. ಹುರಿದ ಬೀಜ ಅನಿಲ ಬಿಡುವುದರಿಂದ ಪೊಟ್ಟಣಕ್ಕೊಂದು ಸಣ್ಣ ತೂತಿನ ಗುಂಡಿ. ಒಳಗಿನ ಗಾಳಿ ಹೊರಗೆ ಬಿಡುತ್ತದೆ, ಹೊರಗಿನದನ್ನು ಒಳಗೆ ಬಿಡುವುದಿಲ್ಲ. ಇನ್ನೊಂದು ಲಾಭ ಬೇರೆಯೇ. ಕಾಫಿ ಪುಡಿಯಲ್ಲಿ ನೂರಕ್ಕೆ ನಲವತ್ತೊಂಬತ್ತರವರೆಗೆ ಚಿಕೋರಿ ಬೆರೆಸಲು ಕಾನೂನೇ ಅವಕಾಶ ಕೊಡುತ್ತದೆ, ಪೊಟ್ಟಣದ ಮೇಲೆ ಹೇಳಿದರಾಯಿತು. ಇಡೀ ಬೀಜಕ್ಕೆ ಏನನ್ನು ಬೆರೆಸಲು ಸಾಧ್ಯ? ಹುಣಸೆ ಬೀಜವೊಂದನ್ನು ಬಿಟ್ಟು.

2019ರಲ್ಲಿ ಕೊಡಗಿನ ಅರೇಬಿಕಾ, ಚಿಕ್ಕಮಗಳೂರಿನ ಅರೇಬಿಕಾ, ಬಾಬಾಬುಡನ್‌ಗಿರಿಯ ಅರೇಬಿಕಾ, ವಯನಾಡಿನ ರೋಬಸ್ಟಾ, ಅರಕು ಕಣಿವೆಯ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದೇ ವರ್ಷ ನಮ್ಮ ಪಕ್ಕದ ಕಲಬುರಗಿಯ ತೊಗರಿಗೂ ಸಿಕ್ಕಿತು. ಮೊನ್ನೆ ಮಗ ಕಳಿಸಿದ ಎರಡನೆಯ ಪೊಟ್ಟಣ ಅಟ್ಟಿಕಾನ್ ತೋಟದ್ದು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ, ಕಾಡಿನ ನಡುವೆ. ನಕ್ಷೆ ತೆಗೆದು ನೋಡಿದೆ. ಜೇವರ್ಗಿಯಿಂದ ಹೊರಟು ಶಹಾಪುರ, ಸುರಪುರ ಹಾಯ್ದು, ಕೃಷ್ಣೆ ದಾಟಿ, ಲಿಂಗಸುಗೂರು, ಬಳ್ಳಾರಿ, ಹಿರಿಯೂರು ಹಿಡಿದು ಹೋಗುವ ನಮ್ಮ ಮನೆಯ ಮುಂದಿನ 150ಎ ಹೆದ್ದಾರಿ ಕೊನೆಯಾಗುವುದು ಚಾಮರಾಜನಗರದಲ್ಲಿ. ಏಪ್ರಿಲಿನಲ್ಲಿ ಆ ತುದಿಯ ಬೆಟ್ಟದವರು ಹೂಮಳೆಗೆ ಮುಗಿಲು ನೋಡುತ್ತಿರುತ್ತಾರೆ, ಈ ತುದಿಯಲ್ಲಿ ನಾವು ಬಿಸಿಲಿಗೆ ಕಿಟಕಿ ಮುಚ್ಚಿರುತ್ತೇವೆ.

ಬೀಸುವ ಯಂತ್ರವಿಲ್ಲ. ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿದೆ, ಅಟ್ಟದಿಂದ ಫಿಲ್ಟರ್ ಇಳಿಸಿ ಹುಣಸೆಹಣ್ಣು ಹಚ್ಚಿ ತೊಳೆದೆ. ಅವ್ವ ಅರ್ಧ ಲೋಟ ಕುಡಿದು, "ಕಹಿ ಐತಿ, ಖರೆ ವಾಸನಿ ಚಲೋ ಐತಿ" ಅಂದಳು. ಈಗ ಬೆಳಿಗ್ಗೆ ಚಹಾ, ನಾಲ್ಕು ಗಂಟೆಗೆ ಇದು ಎಂಬ ಒಪ್ಪಂದವಾಗಿದೆ.

ಕಳೆದ ತಿಂಗಳು ಬೆಂಗಳೂರಿಗೆ ಹೋಗಲು ಯಾದಗಿರಿ ನಿಲ್ದಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಾಯುತ್ತಿದ್ದೆ. ಸ್ಟೀಲಿನ ಕ್ಯಾನು ಹೊತ್ತ ಹುಡುಗನೊಬ್ಬ "ಚಾಯ್, ಕಾಫಿ" ಕೂಗುತ್ತ ಬಂದ. ಬರೆಯುವ ಹುಕಿಯಲ್ಲಿದ್ದೆ ನೋಡಿ, ಯಾವ ಕಾಫಿಯಪ್ಪ ಎಂದು ಕೇಳಿದೆ. ಅವನು ಕ್ಯಾನಿನ ನಲ್ಲಿ ತಿರುಗಿಸುತ್ತ, "ಕಾಫಿ ಅಂದ್ರ ಕಾಫಿನೇ ರೀ ಕಾಕಾ, ಅದಕ್ಕ ಮತ್ತೇನ್ ಹೆಸರು?" ಅಂದ. ಗಾಡಿ ಬರುವ ಘೋಷಣೆ ಆಗಲೇ ಆಗಿತ್ತು. ಸಕ್ಕರೆ ಸ್ವಲ್ಪ ಹೆಚ್ಚಿತ್ತು, ನಿಂತೇ ಕುಡಿದೆ.